ಪುಟ ತಿದ್ದುವ ಗುಂಪಿಗೆ ಸರಿಯಾದ ಜಾಗ
ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಬಂದ ಪಠ್ಯದ ತಪ್ಪು ತಿದ್ದುವ ನಮ್ಮ ಗುಂಪಿನಲ್ಲಿ ಶಿವಮೊಗ್ಗದವರೂ ಇದ್ದಾರೆ, ದುಬೈನವರೂ ಇದ್ದಾರೆ. ಎಲ್ಲ ಒಂದೇ ಚಾಟ್ ಗುಂಪಿನಲ್ಲಿ ನಡೆಯುತ್ತಿತ್ತು. "42ನೇ ಪುಟ ಯಾರು ಮಾಡ್ತಿದ್ದೀರಿ?" ಅನ್ನೋ ಪ್ರಶ್ನೆ ಶುಭೋದಯದ ಹೂಗಳ ಅಡಿ ಮುಚ್ಚಿಹೋಗಿ, ಒಂದೇ ಪುಟವನ್ನು ಇಬ್ಬರು ಸುಮ್ನೆ ತಿದ್ದಿ ಕೂರುತ್ತಿದ್ದರು.

ಕೊನೆಗೆ ಕೆಲಸವನ್ನು ಕನ್ನಡ ವಿಕಿಸೋರ್ಸ್‌ಗೆ (ಎಲ್ಲರೂ ಸೇರಿ ಪುಸ್ತಕಗಳನ್ನು ತಿದ್ದಿ ಇಡುವ ಮುಕ್ತ ಜಾಲತಾಣ) ಸಾಗಿಸಿದೆವು. ಅಲ್ಲಿ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡೋಕಾಗಲ್ಲ, ನನಗೆ ಜಾಸ್ತಿ ಹಿಡಿಸಿದ್ದು ಇದೇ. ಯಾರನ್ನೂ ಕೇಳಬೇಕಿಲ್ಲ, ಬಣ್ಣ ನೋಡಿದರೆ ಸಾಕು.

ಮಾತಿಗೆ ಟೆಲಿಗ್ರಾಂ. ಒಂದೇ ಗುಂಪಿನೊಳಗೆ ವಿಷಯಕ್ಕೊಂದು ವಿಭಾಗ ಕೊಡುವ ಟಾಪಿಕ್ಸ್ ಆನ್ ಮಾಡಿ ಅನುಮಾನಗಳಿಗೊಂದು, ಹರಟೆಗೊಂದು ಜಾಗ ಮಾಡಿದೆವು (ಹರಟೆ ಬೇಡ ಅಂದರೆ ಯಾರೂ ಬರಲ್ಲ, ಅಲ್ವಾ?). ಸಭೆಗೆ ಜಿಟ್ಸಿ ಅನ್ನೋ ವಿಡಿಯೊ ಕರೆ ಸೇವೆ. ಸೇರುವವರಿಗೆ ಖಾತೆ ಬೇಡ, ಹಿರಿಯರೂ ಲಿಂಕ್ ಒತ್ತಿ ಒಳಗೆ ಬರುತ್ತಾರೆ.