ಲದ್ದಿ ಹುಳು ಎಲ್ಲಿಂದ ಬಂತು? ವಂಶವಾಹಿಗಳ ಮೂಲಕ ಕೀಟದ ಜಾಡು ಹಿಡಿಯುವ ಕ್ರಮ

ರೈತರು ಲದ್ದಿ ಹುಳು ಎಂದು ಕರೆಯುವ ಫಾಲ್ ಸೈನಿಕ ಹುಳು ಅಮೆರಿಕ ಖಂಡಗಳ ಮೂಲದ ಕೀಟ. ಅದು 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, 2019ರ ಆರಂಭದಲ್ಲಿ ಚೀನಾದ ಯುನ್ನಾನ್‌ನಲ್ಲಿ, 2020ರ ಆರಂಭದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಪತ್ತೆಯಾಯಿತು. ಈ ಇಸವಿಗಳನ್ನು ಸಾಲಾಗಿಟ್ಟರೆ ಹುಳು ಪಶ್ಚಿಮದಿಂದ ಪೂರ್ವಕ್ಕೆ ಹಾರುತ್ತ ಬಂತೆಂಬ ನಕ್ಷೆ ತಾನಾಗಿಯೇ ಮೂಡುತ್ತದೆ. ಆದರೆ ಇವೆಲ್ಲ ಯಾರೋ ಹುಳುವನ್ನು ಕಂಡು ವರದಿ ಮಾಡಿದ ದಿನಗಳು. ಅದು ಬಂದಿಳಿದ ದಿನ ಬೇರೆಯೇ ಇರಬಹುದು. ಆ ನಕ್ಷೆ ನಿಜವೇ ಎಂದು ಪರೀಕ್ಷಿಸಲು ಸಮುದಾಯ ತಳಿವಿಜ್ಞಾನವನ್ನು, ಅಂದರೆ ಒಂದೊಂದು ಪ್ರದೇಶದ ಜೀವಿಗಳ ಗುಂಪುಗಳ ನಡುವಿನ ವಂಶವಾಹಿ ವ್ಯತ್ಯಾಸಗಳ ಅಧ್ಯಯನವನ್ನು, ಹೇಗೆ ಬಳಸಬೇಕೆಂಬುದನ್ನು, ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳಬೇಕು. ಹುಳು ಎಲ್ಲಿಂದ ಬಂತು, ಎಷ್ಟು ಸಲ ಬಂತು, ಈಗ ಜಿಲ್ಲೆಯಿಂದ ಜಿಲ್ಲೆಗೆ ಎಷ್ಟು ಓಡಾಡುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಬೇಕಾಗುವ ಮಾದರಿಗಳು ಬೇರೆಬೇರೆ. ಮೊದಲ ಎರಡಕ್ಕೆ ಅಮೆರಿಕದ ಮೂಲ ಸಮುದಾಯಗಳ ಮತ್ತು ಆಫ್ರಿಕಾದ ಮಾದರಿಗಳು ಅಥವಾ ಅವುಗಳ ಪ್ರಕಟಿತ ದತ್ತಾಂಶ ಇಲ್ಲದೆ ಉತ್ತರ ಸಿಗುವುದಿಲ್ಲ. ಹಾವೇರಿ, ದಾವಣಗೆರೆಗಳಲ್ಲಿ ಎಷ್ಟೇ ಹುಳು ಹಿಡಿದರೂ ಅವು ತಮ್ಮ ತವರನ್ನು ತಾವಾಗಿ ಹೇಳಲಾರವು.

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಹೊಲದಲ್ಲಿಯೇ. ಹೆಣ್ಣು ಪತಂಗ ಒಂದು ಗುಂಪಿನಲ್ಲಿ ಸಾಮಾನ್ಯವಾಗಿ 100ರಿಂದ 200 ಮೊಟ್ಟೆ ಇಡುವುದರಿಂದ, ಒಂದೇ ಮೂಲೆಯ ಗಿಡಗಳಿಂದ ಇಪ್ಪತ್ತು ಮರಿಹುಳು ಹೆಕ್ಕಿದರೆ ಕೈಗೆ ಬಂದಿರುವುದು ಒಂದೇ ತಾಯಿಯ ಮಕ್ಕಳಾಗಿರಬಹುದು. ಆಗ ಲೆಕ್ಕದಲ್ಲಿ ಕಾಣುವ ವ್ಯತ್ಯಾಸ ಕುಟುಂಬಗಳದ್ದೇ ಹೊರತು ಊರುಗಳದ್ದಲ್ಲ. ಹೊಲದ ಉದ್ದಕ್ಕೂ ನಡೆಯುತ್ತ, ಸಾಕಷ್ಟು ದೂರದೂರದ ಗಿಡಗಳಿಂದ ಒಂದೊಂದೇ ಹುಳುವನ್ನು ತೆಗೆಯಿರಿ. ಸುಳಿಯನ್ನು ಬಿಡಿಸಿದಾಗ ಒದ್ದೆ ಮರದ ಹುಡಿಯಂಥ ಹಿಕ್ಕೆಯ ಕೆಳಗೆ ದೊಡ್ಡ ಹುಳು ಬಹುತೇಕ ಒಂಟಿಯಾಗಿಯೇ ಕುಳಿತಿರುತ್ತದೆ, ಏಕೆಂದರೆ ಜೊತೆಗಿದ್ದವನ್ನು ಅದು ತಿಂದು ಮುಗಿಸಿರುತ್ತದೆ. ತಲೆಯ ಮೇಲೆ ತಲೆಕೆಳಗಾದ ಕವಲುಕೋಲಿನಂಥ ಬಿಳಿ ಗೆರೆ, ಹಿಂತುದಿಯ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇವೆಯೇ ನೋಡಿ, ಕನಿಷ್ಠ 95 ಶೇಕಡಾ ಎಥನಾಲ್‌ನಲ್ಲಿ ಹಾಕಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನೊಳಗೇ ಇಡಬೇಕು. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ, ಯಾವ ಊರಿನ ಹುಳು ಯಾವುದೆಂದು ತಿಳಿಯದ ಟ್ಯೂಬುಗಳ ಪೆಟ್ಟಿಗೆಯನ್ನು ನಾನೂ ಒಮ್ಮೆ ಎಸೆಯಬೇಕಾಯಿತು.

ಪ್ರಯೋಗಾಲಯದಲ್ಲಿ ಡಿಎನ್‌ಎಯನ್ನು ಕಾಲಿನಿಂದ ಅಥವಾ ಎದೆಭಾಗದಿಂದ ತೆಗೆಯುವುದು ಲೇಸು, ಏಕೆಂದರೆ ಕರುಳಿನಲ್ಲಿ ತಿಂದ ಎಲೆಯದ್ದೂ ತಿಂದ ಸೋದರರದ್ದೂ ಡಿಎನ್‌ಎ ಸೇರಿಕೊಂಡಿರುತ್ತದೆ. ಉಳಿದ ದೇಹವನ್ನು ಸಾಕ್ಷ್ಯವಾಗಿ ಫ್ರೀಜರ್‌ನಲ್ಲಿ ಉಳಿಸಿಕೊಳ್ಳಿ.

ಯಾವ ಗುರುತನ್ನು ಓದಬೇಕೆಂಬುದು ಮುಂದಿನ ನಿರ್ಧಾರ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿರುವ ಸಿಒಐ ಜೀನ್‌ನ 658 ಡಿಎನ್‌ಎ ಅಕ್ಷರಗಳ ತುಣುಕು ಅಗ್ಗವಾಗಿ ಸಿಗುತ್ತದೆ, ಪ್ರಭೇದವನ್ನು ಖಚಿತಪಡಿಸುತ್ತದೆ. ಆದರೆ ಅದು ತಾಯಿಯಿಂದ ಮಾತ್ರ ಬರುವುದರಿಂದ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಈ ಕೀಟದಲ್ಲಿ ಅದರ ಪರಿಣಾಮ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಇದಕ್ಕೆ ಮೆಕ್ಕೆಜೋಳದ ಬಗೆ, ಭತ್ತದ ಬಗೆ ಎಂಬ ಎರಡು ಕವಲುಗಳಿವೆ. ಆಫ್ರಿಕಾ ಮತ್ತು ಭಾರತದ ಮೆಕ್ಕೆಜೋಳದಿಂದ ಹಿಡಿದ ಬಹಳಷ್ಟು ಹುಳುಗಳನ್ನು ಸಿಒಐ ಭತ್ತದ ಬಗೆ ಎಂದರೆ, ಝಡ್ ಎಂಬ ಲಿಂಗ ವರ್ಣತಂತುವಿನಲ್ಲಿರುವ ಟಿಪಿಐ ಜೀನ್ ಅದೇ ಹುಳುಗಳನ್ನು ಮೆಕ್ಕೆಜೋಳದ ಬಗೆ ಎನ್ನುತ್ತದೆ. ಎರಡು ಕವಲುಗಳು ಹಿಂದೆ ಎಲ್ಲೋ ಬೆರೆತಿವೆ ಎಂಬುದರ ಕುರುಹು ಇದು. ಟಿಪಿಐ ಓದುವಾಗ ಒಂದು ಎಚ್ಚರಿಕೆ: ಪತಂಗಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಲಿಂಗ ನೋಡದೆ ಎಲ್ಲವನ್ನೂ ಒಟ್ಟಿಗೆ ಎಣಿಸಿದರೆ ಮಿಶ್ರಜೋಡಿಗಳು, ಅಂದರೆ ಒಂದು ಜೀನ್‌ನ ಎರಡು ಬೇರೆಬೇರೆ ರೂಪಗಳನ್ನು ಹೊತ್ತ ಹುಳುಗಳು, ಕಡಿಮೆ ಇವೆಯೆಂದು ಕಂಡು, ಇಲ್ಲದ ಒಳಸಂತಾನವನ್ನು ನೀವು ಕಂಡುಹಿಡಿದುಬಿಡುತ್ತೀರಿ. ಸಾಧ್ಯವಿದ್ದರೆ ಇಡೀ ಜೀನೋಮಿನಲ್ಲಿ ಹರಡಿರುವ ಸಾವಿರಾರು ಏಕಾಕ್ಷರ ವ್ಯತ್ಯಾಸಗಳನ್ನು, ಅಂದರೆ ಎಸ್‌ಎನ್‌ಪಿಗಳನ್ನು ಓದುವುದೇ ಸರಿ.

ವಿಶ್ಲೇಷಣೆಯಲ್ಲಿ ಹೊಸಬರು ಹೆಚ್ಚು ಎಡವುವುದು, ಎರಡು ಸಮುದಾಯಗಳು ತಳಿಯಲ್ಲಿ ಎಷ್ಟು ಭಿನ್ನವೆಂದು ಅಳೆಯುವ ಎಫ್‌ಎಸ್‌ಟಿ ಎಂಬ ಸೂಚ್ಯಂಕದಲ್ಲಿ. ಎರಡು ಸಮುದಾಯಗಳ ನಡುವೆ ಅದು ಸೊನ್ನೆಗೆ ಹತ್ತಿರವಿದ್ದರೆ ಪತಂಗಗಳು ಸದಾ ಅತ್ತಿಂದಿತ್ತ ಹಾರುತ್ತಿವೆ ಎಂದು ಬರೆದುಬಿಡುತ್ತಾರೆ. ಹೊಸದಾಗಿ ಬಂದ ಕೀಟದಲ್ಲಿ ಆ ತೀರ್ಮಾನ ಸಲ್ಲದು. ಎರಡೂ ಊರಿನವು ಕೆಲವೇ ತಲೆಮಾರುಗಳ ಹಿಂದೆ ಒಂದೇ ಗುಂಪಿನಿಂದ ಕವಲೊಡೆದಿದ್ದರೂ, ಅಲ್ಲಿಂದೀಚೆಗೆ ಒಂದು ಪತಂಗವೂ ದಾಟದಿದ್ದರೂ, ಇದೇ ಸಂಖ್ಯೆ ಬರುತ್ತದೆ. ಹಾಗೆಯೇ, ಬಂದವು ಎಷ್ಟು ಕಡಿಮೆಯಿದ್ದವೆಂದು ಅಳೆಯಲು ಮಿಶ್ರಜೋಡಿಗಳ ಪ್ರಮಾಣವನ್ನು ಮಾತ್ರ ನೆಚ್ಚಬಾರದು. ಸಂಖ್ಯೆ ಕುಗ್ಗಿದಾಗ ಮೊದಲು ಕಳೆದುಹೋಗುವುದು ಅಪರೂಪದ ಅಲೀಲ್‌ಗಳು, ಅಂದರೆ ಒಂದೇ ಜೀನ್‌ನ ಬೇರೆಬೇರೆ ರೂಪಗಳಲ್ಲಿ ವಿರಳವಾದವು. ಮಾದರಿಯ ಗಾತ್ರವನ್ನು ಸರಿದೂಗಿಸಿ ಅವುಗಳನ್ನೇ ಎಣಿಸಬೇಕು.

ಬಂದ ದಾರಿಯ ಬಗ್ಗೆ ಮಾತನಾಡುವುದಾದರೆ ಪರಸ್ಪರ ಸ್ಪರ್ಧಿಸುವ ಕಥೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಅಮೆರಿಕದಿಂದ ಆಫ್ರಿಕಾ, ಅಲ್ಲಿಂದ ಭಾರತ; ಅಮೆರಿಕದಿಂದ ಎರಡಕ್ಕೂ ಬೇರೆಬೇರೆಯಾಗಿ; ಅಥವಾ ಹಲವು ಸಲ, ಹಲವು ಬಾಗಿಲುಗಳಿಂದ. ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಅನುಕರಿಸಿ, ಯಾವುದು ನಿಜವಾದ ದತ್ತಾಂಶವನ್ನು ಹೋಲುತ್ತದೆಂದು ನೋಡುವ ವಿಧಾನಕ್ಕೆ ಡಿಐವೈಎಬಿಸಿಯಂಥ ತಂತ್ರಾಂಶಗಳಿವೆ. ಏಷ್ಯಾ ಮೂಲದ ಹಾರ್ಲೆಕ್ವಿನ್ ಗುಲಗಂಜಿ ಹುಳು ಯುರೋಪು, ದಕ್ಷಿಣ ಅಮೆರಿಕ, ಆಫ್ರಿಕಾಗಳಿಗೆ ನುಗ್ಗಿದ್ದು ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಆಗಲೇ ನೆಲೆಯೂರಿದ್ದ ಸಮುದಾಯದಿಂದ ಎಂದು ತಿಳಿದದ್ದು ಈ ಬಗೆಯ ಲೆಕ್ಕದಿಂದಲೇ.

ಲದ್ದಿ ಹುಳುವಿನ ವಿಷಯದಲ್ಲಿ, ಕೆಲವೇ ಜೀನ್‌ಗಳನ್ನು ನೋಡಿದ ಆರಂಭದ ಅಧ್ಯಯನಗಳು ಆಫ್ರಿಕಾ ಮತ್ತು ಭಾರತದ ಹುಳುಗಳಿಗೆ ಒಂದೇ ಇತ್ತೀಚಿನ ಮೂಲವನ್ನು ಸೂಚಿಸಿದವು. ಜೀನೋಮಿನ ಉದ್ದಗಲಕ್ಕೂ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನ, ಏಷ್ಯಾಕ್ಕೆ ಹಲವು ಪ್ರತ್ಯೇಕ ಪ್ರವೇಶಗಳಾಗಿರುವುದನ್ನು ಬೆಂಬಲಿಸಿತು. ಹೀಗಿರುವಾಗ ಬಂದರುಗಳ ಸುತ್ತಲಿನ ಹೊಲಗಳಿಂದ ಪ್ರತಿ ವರ್ಷ ಹೊಸ ಮಾದರಿ ತೆಗೆದು, ಹಳೆಯ ಟ್ಯೂಬುಗಳ ಜೊತೆಗಿಟ್ಟು ಓದುತ್ತಿದ್ದರೆ, ಹಿಂದೆ ಇಲ್ಲದ ಅಲೀಲ್‌ಗಳ ಗುಂಪೊಂದು, ಅದರಲ್ಲೂ ಕೀಟನಾಶಕವನ್ನು ತಡೆದುಕೊಳ್ಳುವ ಬದಲಾವಣೆಯೊಂದು, ಹೊಸದಾಗಿ ತಲೆಯೆತ್ತಿದಾಗ ಅದು ಇಲ್ಲೇ ಹುಟ್ಟಿದ್ದೋ ಹಡಗಿನಲ್ಲಿ ಬಂದದ್ದೋ ಎಂದು ಅದರ ಅಕ್ಕಪಕ್ಕದ ಡಿಎನ್‌ಎಯನ್ನು ಹೋಲಿಸಿ ಪರೀಕ್ಷಿಸಬಹುದು.