ಹುಳು ಮನೆಯ ದಿನಚರಿ

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ, ವರ್ಷಕ್ಕೆ ಏಳೆಂಟು ಬೆಳೆ. ಅಪ್ಪ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. ಹಾಲಿನ ಲೆಕ್ಕದ ಪಕ್ಕದಲ್ಲಿ "ಚಾಕಿ ಬಂತು", "ಎದ್ದವು", "ಹಣ್ಣು" ಅಂತ ಪೆನ್ಸಿಲಿನಲ್ಲಿ ಒಂದೊಂದು ಪದ. ಚಾಕಿ ಅಂದರೆ ಮರಿ ಹುಳು, ಎದ್ದವು ಅಂದರೆ ಪೊರೆ ಬಿಟ್ಟು ಎದ್ದವು, ಹಣ್ಣು ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು. ವರ್ಷ ಕಳೆದರೆ ಆ ಹಾಳೆಗಳು ಮಕ್ಕಳ ಪುಸ್ತಕಕ್ಕೆ ಬೈಂಡ್ ಆಗುತ್ತಿದ್ದವು.

ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೇಲೆ ಇದನ್ನು ಸರಿ ಮಾಡುತ್ತೇನೆ ಅಂತ ಹೊರಟೆ. ಲ್ಯಾಪ್‌ಟಾಪಿನಲ್ಲಿ ಆರು ಫೈಲ್ ಮಾಡಿದೆ: ಸೊಪ್ಪು, ರೋಗ, ಗೊಬ್ಬರ, ಕೂಲಿ, ಮಾರಾಟ, ಇತರೆ. ನೋಡಲು ಚೆನ್ನಾಗಿತ್ತು. ಆದರೆ ಒಂದು ದಿನ ಮಳೆ ಬಂದು, ಸೊಪ್ಪು ಕೊಯ್ಯಲು ಬಂದಿದ್ದ ಆಳುಗಳು ಅರ್ಧಕ್ಕೇ ಹೋದರು. ಹುಳುವಿಗೆ ಒದ್ದೆ ಸೊಪ್ಪೇ ಹಾಕಬೇಕಾಯಿತು. ಇದು ಕೂಲಿ ಫೈಲಿಗೋ, ಸೊಪ್ಪಿನ ಫೈಲಿಗೋ, ರೋಗಕ್ಕೋ? ಯೋಚನೆ ಮಾಡುತ್ತಾ ಕೂತೆ, ಕೊನೆಗೆ ಬರೆಯಲೇ ಇಲ್ಲ. ನಾಲ್ಕು ತಿಂಗಳಲ್ಲಿ "ಇತರೆ" ಮಾತ್ರ ಉದ್ದ ಬೆಳೆದಿತ್ತು. ಅದರಲ್ಲೂ ಅರ್ಧಕ್ಕೆ ತಾರೀಕೇ ಇಲ್ಲ. "ಹಾಲುತೊಂಡೆ ರೋಗ ಬಂದಿದ್ದು ಯಾವ ಬೆಳೆಗೆ?" ಅಂತ ಅಪ್ಪ ಕೇಳಿದಾಗ ಆರು ಫೈಲ್ ತೆರೆದು ಕೂತಿದ್ದೆ. ಅವರು ಕ್ಯಾಲೆಂಡರ್ ಹಾಳೆ ಎರಡು ಸಲ ಮಗುಚಿ ಹೇಳಿಬಿಟ್ಟರು.

ಆಮೇಲೆ ಆರೂ ಬಿಟ್ಟು ಒಂದೇ ಫೈಲಿಗೆ ಬಂದೆ. ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶದ ಆರ್ಗ್ ಮೋಡ್. ಇದನ್ನು 2003ರಲ್ಲಿ ಶುರು ಮಾಡಿದವರು ಕಾರ್ಸ್ಟೆನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ, ತಮ್ಮ ಟಿಪ್ಪಣಿಗಳಿಗೇ ಅಂತ. ಒಳಗಿರುವುದು ಬರೀ ಪಠ್ಯ. ಸಾಲಿನ ಮೊದಲಿಗೆ ನಕ್ಷತ್ರ ಹಾಕಿದರೆ ಅದು ತಲೆಬರಹ. ಒಂದು ನಕ್ಷತ್ರ ವರ್ಷಕ್ಕೆ, ಎರಡು ತಿಂಗಳಿಗೆ, ಮೂರು ದಿನಕ್ಕೆ, ನಾಲ್ಕು ಆ ದಿನದ ವಿಷಯಕ್ಕೆ. ಟ್ಯಾಬ್ ಒತ್ತಿದರೆ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ನನ್ನ ಫೈಲಿನ ಒಂದು ಚೂರು ಹೀಗಿದೆ:

* 2023
** 2023-08
*** 2023-08-17 ಗುರುವಾರ
**** ನಾಲ್ಕನೇ ಜ್ವರದಿಂದ ಎದ್ದವು :ಬೆಳೆ5:
ಬೆಳಗ್ಗೆ 6ಕ್ಕೆ ಸುಣ್ಣ, ಎಂಟೂವರೆಗೆ ಸೊಪ್ಪು. ಬಾಗಿಲ ಪಕ್ಕದ ತಟ್ಟೆ ಇನ್ನೂ ಎದ್ದಿಲ್ಲ.

ಜ್ವರ ಅಂದರೆ ಕಾಯಿಲೆ ಅಲ್ಲ, ಹುಳು ಪೊರೆ ಬಿಡುವ ಹೊತ್ತು. ನಾಲ್ಕು ಸಲ ಬರುತ್ತದೆ. ಎರಡು ಜ್ವರ ಚಾಕಿ ಕೇಂದ್ರದಲ್ಲೇ ಮುಗಿಯುತ್ತದೆ, ಉಳಿದೆರಡು ನಮ್ಮ ಮನೆಯಲ್ಲಿ.

ವರ್ಷ, ತಿಂಗಳು, ದಿನದ ತಲೆಬರಹವನ್ನು ನಾನು ಟೈಪ್ ಮಾಡುವುದಿಲ್ಲ. ಕ್ಯಾಪ್ಚರ್ ಎಂಬ ಸೌಲಭ್ಯದಲ್ಲಿ ಡೇಟ್‌ಟ್ರೀ ಅಂತ ಒಮ್ಮೆ ಹೊಂದಿಸಿಟ್ಟೆ. ಎರಡು ಕೀ ಒತ್ತಿದರೆ ಇವತ್ತಿನ ತಾರೀಕಿನ ಕೆಳಗೆ ಖಾಲಿ ಜಾಗ ಸಿಗುತ್ತದೆ. ಬರೆದು ಮುಚ್ಚಿದರೆ ಆಯಿತು. ಎಲ್ಲಿ ಸೇರಿಸಲಿ ಎಂಬ ಪ್ರಶ್ನೆಯೇ ಇಲ್ಲ. ತಾರೀಕನ್ನು ವರ್ಷ-ತಿಂಗಳು-ದಿನ ಅಂತಲೇ ಬರೆಯಬೇಕು, ಆಗ ಸಾಲುಗಳು ತಾವಾಗೇ ಕ್ರಮಕ್ಕೆ ಬರುತ್ತವೆ. ಮೊದಮೊದಲು ಹುರುಪಿನಲ್ಲಿ ೨೦೨೩ ಅಂತ ಕನ್ನಡ ಅಂಕಿ ಹಾಕಿದ್ದೆ. ಅದನ್ನು ಆರ್ಗ್ ತಾರೀಕು ಅಂತ ಗುರುತಿಸಲೇ ಇಲ್ಲ. ಕನ್ನಡದಲ್ಲಿ ಕೋಷ್ಟಕ ಮಾಡಿದರೆ ಗೆರೆಗಳೂ ಸೊಟ್ಟಗೆ ಕೂರುತ್ತವೆ. ಅದನ್ನು ನಾನು ಸುಮ್ನೆ ಬಿಟ್ಟಿದ್ದೇನೆ.

ಸರಿಯಾಗಿ ಪೆಟ್ಟು ತಿಂದಿದ್ದು ಕಂಸದ ವಿಷಯದಲ್ಲಿ. ತಾರೀಕನ್ನು ಕೋನದ ಕಂಸದಲ್ಲಿ < > ಹಾಕಿದರೆ ಅದು ಅಜೆಂಡಾ ಎಂಬ ದಿನವಾರು ಕೆಲಸದ ಪಟ್ಟಿಯಲ್ಲಿ ಕಾಣಿಸುತ್ತದೆ. ಚೌಕದ ಕಂಸದಲ್ಲಿ [ ] ಹಾಕಿದರೆ ಬರೀ ದಾಖಲೆ, ಪಟ್ಟಿಗೆ ಬರುವುದಿಲ್ಲ. ನಾನು ಎಲ್ಲಕ್ಕೂ ಕೋನದ್ದೇ ಹಾಕಿದ್ದೆ. ವಾರದ ಪಟ್ಟಿ ತೆರೆದರೆ ಆಗಿಹೋದ ಕೆಲಸಗಳೇ ತುಂಬಿದ್ದವು. ಅದರ ನಡುವೆ "ಚಾಕಿ ಬುಕ್ ಮಾಡು" ಅನ್ನುವುದು ಕಣ್ಣಿಗೇ ಬೀಳಲಿಲ್ಲ. ಆ ಸಲ ಚಾಕಿ ಹತ್ತು ದಿನ ತಡವಾಗಿ ಸಿಕ್ಕಿತು. ತೋಟದಲ್ಲಿ ಸೊಪ್ಪು ಬಲಿತು ಹಳದಿಗೆ ತಿರುಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಪರವಾಗಿರಲಿಲ್ಲ. ಈಗ ನಡೆದುಹೋದದ್ದಕ್ಕೆ ಚೌಕ, ಮಾಡಬೇಕಾದದ್ದಕ್ಕೆ ಕೋನ. ಮುಂದಿನ ತಾರೀಕು ಬೇಕೆಂದರೆ ಬೆರಳೆಣಿಸುವುದೂ ಇಲ್ಲ. ತಾರೀಕು ಕೇಳುವ ಜಾಗದಲ್ಲಿ +17 ಅಂತ ಕೊಟ್ಟರೆ ಹದಿನೇಳನೇ ದಿನ ತಾನೇ ಬರುತ್ತದೆ. ಚಾಕಿ ಮನೆಗೆ ಬಂದ ದಿನವೇ ಹೀಗೆ ಹಣ್ಣಾಗುವ ದಿನವನ್ನು ಅಂದಾಜಿಗೆ ಗುರುತು ಹಾಕಿ, ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಹೇಳಿಡುತ್ತೇನೆ.

ಹುಳು ಮನೆಯೊಳಗೆ ಲ್ಯಾಪ್‌ಟಾಪ್ ಒಯ್ಯುವಂತಿಲ್ಲ. ಸುಣ್ಣದ ಧೂಳು ಕೀಬೋರ್ಡಿಗೆ ಆಗುವುದಿಲ್ಲ. ಫೋನಿನಲ್ಲಿ ಆರ್ಗ್ ಫೈಲ್ ತೆರೆಯುವ ಆರ್ಗ್‌ಜ್ಲಿ ಆ್ಯಪ್ ಹಾಕಿಕೊಂಡು, ಎರಡೂ ಕಡೆಯ ಫೈಲ್ ಒಂದೇ ಆಗಿಡುವ ಸಿಂಕ್‌ಥಿಂಗ್‌ನಲ್ಲಿ ಅದೇ ಫೈಲನ್ನು ಹೊಂದಿಸಿದೆ. ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಸಂಜೆ ಬರೆದೆ, ಫೈಲ್ ಎರಡಾಯಿತು. ಅದನ್ನು ಬಿಡಿಸಿ ಹೊಂದಿಸಲು ರಾತ್ರಿ ಹನ್ನೊಂದಾಯಿತು. ಈಗ ಫೋನಿಗೆ ಬೇರೆ ಚಿಕ್ಕ ಫೈಲ್. ರಾತ್ರಿ ಊಟ ಆದ ಮೇಲೆ ಅದರಲ್ಲಿರುವುದನ್ನು ಕೈಯಾರೆ ಆಯಾ ತಾರೀಕಿಗೆ ಸಾಗಿಸುತ್ತೇನೆ.

ಬೆಳೆ5 ಅನ್ನುವ ಟ್ಯಾಗ್ ಬಿಟ್ಟರೆ ಬೇರೆ ವಿಂಗಡಣೆ ಇಲ್ಲ. ಆ ಟ್ಯಾಗ್ ಹುಡುಕಿದರೆ ಫೈಲ್ ಪೂರ್ತಿ ಮಡಚಿಕೊಂಡು ಆ ಬೆಳೆಯ ಸಾಲುಗಳು ಮಾತ್ರ ಉಳಿಯುತ್ತವೆ, ತಾರೀಕು ತಲೆಯ ಮೇಲೇ ಇರುತ್ತದೆ. ಉಳಿದದ್ದಕ್ಕೆ ಪದ ಹುಡುಕುತ್ತೇನೆ. ಇಲ್ಲಿ ಮಾತ್ರ ಶಿಸ್ತು ಬೇಕು. ಒಂದು ಕಡೆ "4ನೇ ಜ್ವರ", ಇನ್ನೊಂದು ಕಡೆ "ನಾಲ್ಕನೇ ಜ್ವರ" ಅಂತ ಬರೆದಿದ್ದರೆ ಅರ್ಧವೇ ಸಿಗುತ್ತದೆ. "ಹಾಲುತೊಂಡೆ" ನಡುವೆ ಜಾಗ ಬಿಟ್ಟರೂ ಅಷ್ಟೇ.

ಹೋದ ಬೇಸಿಗೆಯಲ್ಲಿ ಆ ಪದವನ್ನೇ ಹುಡುಕಿದೆ. ಮೂರು ಬೆಳೆ ಸಿಕ್ಕವು. ಮೂರಕ್ಕೂ ಏನು ಸಮಾನ ಅಂತ ನೋಡಲು ಒಂದೊಂದರ ಹಿಂದಿನ ತಾರೀಕುಗಳನ್ನು ಬಿಚ್ಚಿದೆ. ಸೊಪ್ಪು ಬೇರೆ ಬೇರೆ, ಸೆಖೆ ಬೇರೆ ಬೇರೆ. ಆದರೆ ಹಿಂದಿನ ಗೂಡು ಬಿಡಿಸಿದ ದಿನಕ್ಕೂ ಹೊಸ ಚಾಕಿ ಬಂದ ದಿನಕ್ಕೂ ಮಧ್ಯೆ ಮೂರು ದಿನ, ನಾಲ್ಕು ದಿನ, ಮೂರು ದಿನ. ಚೆನ್ನಾಗಿ ಆದ ಬೆಳೆಗಳಲ್ಲಿ ಹತ್ತಕ್ಕೆ ಕಡಿಮೆ ಇರಲಿಲ್ಲ. ಹಾಲುತೊಂಡೆ ವೈರಸ್‌ನಿಂದ ಬರುವ ರೋಗ, ಹುಳು ಮನೆಯನ್ನೂ ತಟ್ಟೆಗಳನ್ನೂ ಸರಿಯಾಗಿ ತೊಳೆದು ಔಷಧಿ ಹೊಡೆಯದಿದ್ದರೆ ಉಳಿದುಕೊಳ್ಳುತ್ತದೆ. ಗೂಡಿಗೆ ಒಳ್ಳೆ ರೇಟ್ ಇದ್ದಾಗ ನಾವು ಅವಸರ ಮಾಡಿದ್ದೆವು. "ಮಧ್ಯೆ ಎಷ್ಟು ದಿನ ಬಿಟ್ಟೆವು" ಅಂತ ನಾನು ಒಂದು ದಿನವೂ ಬರೆದಿರಲಿಲ್ಲ, ಅದಕ್ಕೆ ಫೈಲೂ ಇರಲಿಲ್ಲ. ಎರಡು ತಾರೀಕು ಇದ್ದವು, ಅಷ್ಟೇ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, "ಗೂಡು ಬಿಡಿಸಿದ್ದು ಒಂದು ದಿನ ಮುಂಚೆ, ನೀನು ಮಾರ್ಕೆಟ್‌ಗೆ ಹೋದ ದಿನ ಬರೆದಿದ್ದೀಯ" ಅಂದರು. ಕ್ಯಾಲೆಂಡರ್ ನೋಡಿದರೆ ಅವರೇ ಸರಿ. ಅದಕ್ಕೇ ಈಗ ಹಳೆ ಹಾಳೆಗಳನ್ನು ಬೈಂಡಿಗೆ ಕೊಡುತ್ತಿಲ್ಲ, ಒಂದೊಂದಾಗಿ ಫೈಲಿಗೆ ಏರಿಸುತ್ತಿದ್ದೇನೆ. 2019ರ ಮಾರ್ಚ್ ಹಾಳೆಯ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದಾರೆ, ಹದಿನೈದರಿಂದ ಹದಿನೆಂಟರವರೆಗೆ ಓದಲು ಆಗುತ್ತಿಲ್ಲ.