ಹಳೇ ಕಾರಿನ ಆರ್‌ಸಿ ಕೊನೆಗೂ ನನ್ನ ಹೆಸರಿಗೆ ಬಂತು

ಹಳೇ ಸ್ವಿಫ್ಟ್ ಕೊಂಡೆ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಮಾರಿದವರ ಸಹಿ ಹಾಕಿಸಿಕೊಂಡು ಆರ್‌ಟಿಒಗೆ ಹೋದೆ. ಕೌಂಟರಿನಲ್ಲಿದ್ದವರು ಆರ್‌ಸಿ ತಿರುವಿ ಬೆರಳಿಟ್ಟು ತೋರಿಸಿದರು: 'ಸಾಲ ಇದೆಯಲ್ಲ ಸರ್?' ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಕೊಳ್ಳುವಾಗ ನಾನು ನೋಡಿದ್ದು ಟೈರ್ ಮಾತ್ರ!

ಮಾರಿದವರು ಸಾಲ ತೀರಿಸಿ ಎರಡು ವರ್ಷವಾಗಿತ್ತು. ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ ಅಷ್ಟೇ. ಸಾಲ ತೀರಿದೆ ಎಂದು ಬ್ಯಾಂಕ್ ಕೊಟ್ಟ ಪತ್ರ (ಎನ್‌ಒಸಿ) ಬೀರುವಿನಲ್ಲೇ ಹಳೇದಾಗಿತ್ತು. ಅವರನ್ನೇ ಕರೆದುಕೊಂಡು ಬ್ಯಾಂಕಿಗೆ ಹೋದೆ. ಹೊಸ ಎನ್‌ಒಸಿ, ಸಾಲದ ನಮೂದು ತೆಗೆಸಲು ಬೇಕಾದ, ಬ್ಯಾಂಕಿನ ಸೀಲು ಬಿದ್ದ ಫಾರಂ 35 ಸಿಕ್ಕಿತು. ಮೊದಲು ಅದನ್ನು ತೆಗೆಸಿ, ಆಮೇಲೆ ಹೆಸರು ಬದಲಾವಣೆಗೆ ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದೆ. ಒಟಿಪಿ ಮಾರಿದವರ ಮೊಬೈಲಿಗೇ ಬರುತ್ತಿತ್ತು, ಪಕ್ಕದಲ್ಲೇ ಕೂರಿಸಿಕೊಂಡಿದ್ದೆ.

ಇನ್ಶೂರೆನ್ಸ್ ಹೆಸರು ಬದಲಾವಣೆಗೆ ಕಾರು ಕೈ ಬದಲಾದ 14 ದಿನದೊಳಗೆ ಅರ್ಜಿ ಕೊಡಬೇಕು. ಪುಣ್ಯಕ್ಕೆ ಅದನ್ನು ಮೊದಲೇ ಕೊಟ್ಟಿದ್ದೆ.